ಇಬ್ಬರೇ ಪಾಲುದಾರರಿರುವ ಹಳೆಯ ಫರ್ಮ್: ಮುಂದಿನ ತಲೆಮಾರಿಗೆ ಕಾನೂನಿನ ಪ್ರಕಾರ ಹೇಗೆ ಸಿದ್ಧ ಮಾಡುವುದು?

ರಟ್ಟಿನಪೆಟ್ಟಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಘಟಕ. ಅಪ್ಪ ಮತ್ತು ದೊಡ್ಡಪ್ಪ ಸೇರಿ 1996ರಲ್ಲಿ ಶುರು ಮಾಡಿದ್ದು. ಪಾಲುದಾರಿಕೆ ಫರ್ಮ್, ಇಬ್ಬರೇ ಪಾಲುದಾರರು, ಅರ್ಧ ಅರ್ಧ. 14 ಜನ ಕೆಲಸಕ್ಕಿದ್ದಾರೆ, ಅವರಲ್ಲಿ ಮೂರು ಜನ ಮೊದಲ ವರ್ಷದಿಂದಲೂ ಇದ್ದವರು. ವ್ಯಾಪಾರ ಚೆನ್ನಾಗಿದೆ. ಬ್ಯಾಂಕಿನ ಸಿಸಿ ಖಾತೆ (ಕ್ಯಾಶ್ ಕ್ರೆಡಿಟ್, ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಸಾಲ) ಒಂದು ಬಿಟ್ಟರೆ ಬೇರೆ ಸಾಲ ಇಲ್ಲ.

ಈಚೆಗೆ ದೊಡ್ಡಪ್ಪನಿಗೆ ಸ್ಟೆಂಟ್ ಹಾಕಿದರು. ಈಗ ಆರಾಮಾಗಿದ್ದಾರೆ, ದಿನಾ ಬರ್ತಾರೆ. ಆದರೆ ಆಸ್ಪತ್ರೆಯಲ್ಲಿ ಅವರಿದ್ದ ವಾರ ನನಗೆ ಒಂದು ವಿಷಯ ತಲೆಗೆ ಹೋಯಿತು. ಲೆಕ್ಕಪತ್ರ ಎಲ್ಲ ನಾನೇ ನೋಡುವುದು, ದೊಡ್ಡಪ್ಪನ ಮಗ (ನಾನು ಅಣ್ಣ ಅಂತೀನಿ) ಮೆಷಿನ್ ಕಡೆ ನೋಡ್ತಾನೆ. ನಾವಿಬ್ಬರೂ ಕಾಗದದ ಮೇಲೆ ಫರ್ಮ್‌ಗೆ ಏನೂ ಅಲ್ಲ. ಸಂಬಳ ತೆಗೆದುಕೊಳ್ಳುವ ನೌಕರರು ಅಷ್ಟೇ.

ಹಳೇ ಡೀಡ್ (ಪಾಲುದಾರಿಕೆ ಒಪ್ಪಂದದ ಪತ್ರ) ತೆಗೆದು ಓದಿದೆ. ನಾಲ್ಕು ಪುಟ ಇದೆ. ಅದರಲ್ಲಿ "ಪಾಲುದಾರರಲ್ಲಿ ಒಬ್ಬರು ತೀರಿಕೊಂಡರೂ ಫರ್ಮ್ ಮುಂದುವರಿಯತಕ್ಕದ್ದು" ಅಂತ ಒಂದು ಸಾಲಿದೆ. ಅಪ್ಪ ಹೇಳೋದು ಅಷ್ಟು ಸಾಕು ಅಂತ. ಸಾಕಾ?

ಇನ್ನೂ ಕೆಲವು ವಿಷಯ ಹೇಳಿಬಿಡ್ತೀನಿ. ಶೆಡ್ ಇರುವ ಜಾಗ ದೊಡ್ಡಪ್ಪನ ಹೆಸರಿನಲ್ಲಿ ರಿಜಿಸ್ಟರ್ ಆಗಿದೆ, ದುಡ್ಡು ಕೊಟ್ಟಿದ್ದು ಫರ್ಮ್, ಬ್ಯಾಲೆನ್ಸ್ ಶೀಟ್‌ನಲ್ಲಿ ಫರ್ಮ್‌ನ ಆಸ್ತಿ ಅಂತಲೇ ಬರುತ್ತಿದೆ. ಸಿಸಿಗೆ ಇಬ್ಬರೂ ವೈಯಕ್ತಿಕ ಜಾಮೀನು ಕೊಟ್ಟಿದ್ದಾರೆ. ಫರ್ಮ್ ರಿಜಿಸ್ಟರ್ ಆಗಿದೆಯಾ ಇಲ್ಲವಾ ಅಂತ ಇಬ್ಬರಿಗೂ ನೆನಪಿಲ್ಲ. ದೊಡ್ಡಪ್ಪನ ಮಗಳು (ಅಕ್ಕ) ಬೇರೆ ಉದ್ಯೋಗದಲ್ಲಿದ್ದಾಳೆ, ವ್ಯಾಪಾರಕ್ಕೆ ಬರುವ ಆಸಕ್ತಿ ಇಲ್ಲ. ನನ್ನ ತಮ್ಮನಿಗೆ ಇನ್ನೂ 16.

ಒಬ್ಬರು "ನಿನ್ನ ಹೆಸರಿಗೂ ಅಣ್ಣನ ಹೆಸರಿಗೂ ಜಿಪಿಎ ಮಾಡಿಸಿಬಿಡಿ, ಮುಗೀತು" ಅಂದರು (ಅವರ ಪರವಾಗಿ ವ್ಯವಹಾರ ಮಾಡಲು ಕೊಡುವ ಅಧಿಕಾರ ಪತ್ರ). ಇನ್ನೊಬ್ಬರು ಪ್ರೈವೇಟ್ ಲಿಮಿಟೆಡ್ ಮಾಡಿ ಅಂದರು. ಮತ್ತೊಬ್ಬರು ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಂದರು. ಯಾವುದು ಮೊದಲು, ಯಾವುದು ಆಮೇಲೆ? ಮತ್ತೆ, ಮನೆಯಲ್ಲಿ ಈ ಮಾತು ತೆಗೆಯುವುದು ಹೇಗೆ? ನಿಜ ಹೇಳಬೇಕೆಂದರೆ ಅದೇ ನನಗೆ ಎಲ್ಲಕ್ಕಿಂತ ಕಷ್ಟ ಅನ್ನಿಸ್ತಿದೆ.

---

ಕರಿಕೋಟು

ನಾನು ವಕೀಲ, ಇಂಥ ಫರ್ಮ್‌ಗಳ ಕೆಲಸ ಜಾಸ್ತಿ ಮಾಡ್ತೀನಿ. ನೇರವಾಗಿ ಹೇಳ್ತೀನಿ: ಆ ಒಂದು ಸಾಲು ಸಾಲದು. ಡೀಡ್‌ನಲ್ಲಿ ಬರೆದಿದ್ದರೂ ಸಾಲದು.

1932ರ ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 42 ಪ್ರಕಾರ ಪಾಲುದಾರ ತೀರಿಕೊಂಡರೆ ಫರ್ಮ್ ವಿಸರ್ಜನೆ ಆಗುತ್ತದೆ. ಪಾಲುದಾರರು ಬೇರೆ ರೀತಿ ಒಪ್ಪಂದ ಮಾಡಿಕೊಂಡಿದ್ದರೆ ಮುಂದುವರಿಯಬಹುದು, ಅದು ನಿಮ್ಮ ಡೀಡ್‌ನ ಸಾಲು. ಆದರೆ ಪಾಲುದಾರಿಕೆ ಅಂದಮೇಲೆ ಕನಿಷ್ಠ ಇಬ್ಬರಿರಬೇಕು. ಇದ್ದ ಇಬ್ಬರಲ್ಲಿ ಒಬ್ಬರು ಹೋದರೆ ಉಳಿದವರು ಯಾರ ಜೊತೆ ಪಾಲುದಾರ? ಸುಪ್ರೀಂ ಕೋರ್ಟ್ 1965ರಲ್ಲೇ ಇದನ್ನು ಹೇಳಿದೆ, 2010ರಲ್ಲಿ ಮತ್ತೆ ಹೇಳಿದೆ: ಇಬ್ಬರೇ ಇರುವ ಫರ್ಮ್‌ನಲ್ಲಿ ಈ ಸಾಲಿಗೆ ಬೆಲೆ ಇಲ್ಲ, ಒಬ್ಬರು ತೀರಿಕೊಂಡ ದಿನವೇ ಫರ್ಮ್ ಮುಗಿಯಿತು. ವಾರಸುದಾರರು ತಾವಾಗಿಯೇ ಪಾಲುದಾರರಾಗುವುದಿಲ್ಲ. ಉಳಿದವರ ಜೊತೆ ಹೊಸದಾಗಿ ಒಪ್ಪಂದ ಮಾಡಿಕೊಂಡರೆ ಅದು ಹೊಸ ಫರ್ಮ್.

ಹೊಸ ಫರ್ಮ್ ಅಂದರೆ ಹೊಸ ಪಾನ್, ಹೊಸ ಜಿಎಸ್‌ಟಿ ನಂಬರ್, ಹೊಸ ಬ್ಯಾಂಕ್ ಖಾತೆ, ಸಿಸಿಗೆ ಹೊಸದಾಗಿ ಅರ್ಜಿ. ಅದೂ ಮನೆಯಲ್ಲಿ ಸಾವಾಗಿರುವ ಹೊತ್ತಿನಲ್ಲಿ. ಇಷ್ಟು ವರ್ಷ ನಡೆದ ಫರ್ಮ್ ಹೀಗೆ ನಿಂತಿದ್ದನ್ನು ನೋಡಿದಾಗ ನನಗೆ ಪ್ರತಿ ಸಲವೂ ಸಂಕಟ ಆಗುತ್ತದೆ, ಯಾಕೆಂದರೆ ತಡೆಯುವ ದಾರಿ ಬಹಳ ಸರಳ ಇತ್ತು.

ದಾರಿ ಇದು: ಇಬ್ಬರೂ ಗಟ್ಟಿಯಾಗಿರುವಾಗಲೇ ಮೂರನೆಯವರನ್ನು, ನಿಮ್ಮ ವಿಷಯದಲ್ಲಿ ನಿಮ್ಮನ್ನೂ ನಿಮ್ಮ ಅಣ್ಣನನ್ನೂ, ಪಾಲುದಾರರಾಗಿ ಸೇರಿಸಿಕೊಂಡು ಡೀಡ್ ಹೊಸದಾಗಿ ಬರೆಸಿ. ಪಾಲು ಸಣ್ಣದಿರಲಿ, ನೂರಕ್ಕೆ 5 ಇದ್ದರೂ ಸಾಕು. ನಾಲ್ಕು ಜನ ಇದ್ದಾಗ ಅದೇ ಹಳೇ ಸಾಲಿಗೆ ಜೀವ ಬರುತ್ತದೆ. ಪಾನ್ ಬದಲಾಗುವುದಿಲ್ಲ, ಜಿಎಸ್‌ಟಿ ನಂಬರ್ ಬದಲಾಗುವುದಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ 15 ದಿನದೊಳಗೆ ಹೊಸ ಪಾಲುದಾರರ ಹೆಸರು ಸೇರಿಸಬೇಕು, ಬ್ಯಾಂಕಿಗೆ ಮೊದಲೇ ಹೇಳಬೇಕು.

ಹೊಸ ಡೀಡ್‌ನಲ್ಲಿ ಏನಿರಬೇಕು ಅಂತ ಎಲ್ಲ ಬರೆಯಲು ಹೋದರೆ ಇಲ್ಲಿ ಜಾಗ ಸಾಲದು. ಜನ ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ವಿಷಯಕ್ಕೆ ಮಾತ್ರ ಒತ್ತು ಕೊಡ್ತೀನಿ. ಹೋದವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ? ಪುಸ್ತಕದಲ್ಲಿರುವ ಬಂಡವಾಳ ಖಾತೆಯ ಮೊತ್ತವಾ, ಜಾಗದ ಇವತ್ತಿನ ಬೆಲೆಯೂ ಸೇರುತ್ತದಾ, ಗುಡ್‌ವಿಲ್‌ಗೆ (ವ್ಯಾಪಾರದ ಒಳ್ಳೆಯ ಹೆಸರಿಗಿರುವ ಬೆಲೆ) ಲೆಕ್ಕ ಯಾವುದು, ಬೆಲೆ ಕಟ್ಟುವವರು ಯಾರು, ದುಡ್ಡು ಒಂದೇ ಸಲಕ್ಕೆ ಕೊಡಬೇಕಾ ಅಥವಾ ಐದು ವರ್ಷದಲ್ಲಿ ಕಂತಿನ ಮೇಲಾ. ಇದು ಬರೆದಿಲ್ಲದಿದ್ದರೆ ಸೆಕ್ಷನ್ 37 ಬರುತ್ತದೆ: ಲೆಕ್ಕ ಚುಕ್ತಾ ಮಾಡದೆ ಉಳಿದವರು ವ್ಯಾಪಾರ ಮುಂದುವರಿಸಿದರೆ, ಹೋದವರ ಕಡೆಯವರು ಆ ಆಸ್ತಿಯಿಂದ ಬಂದ ಲಾಭದಲ್ಲಿ ಪಾಲನ್ನಾದರೂ ಕೇಳಬಹುದು, ಇಲ್ಲವೇ ತಮ್ಮ ಪಾಲಿನ ಮೊತ್ತಕ್ಕೆ ವರ್ಷಕ್ಕೆ 6% ಬಡ್ಡಿಯನ್ನಾದರೂ ಕೇಳಬಹುದು. ಆಯ್ಕೆ ಅವರದ್ದು. ನಿಮ್ಮ ಅಕ್ಕನಿಗೆ ವ್ಯಾಪಾರದಲ್ಲಿ ಆಸಕ್ತಿ ಇಲ್ಲ ಅಂದಿರಿ. ಆಸಕ್ತಿ ಇಲ್ಲದಿದ್ದರೂ ಹಕ್ಕು ಇರುತ್ತದೆ, ಅದು ನ್ಯಾಯವೂ ಹೌದು. ಆಕೆಗೆ ಎಷ್ಟು, ಯಾವಾಗ ಸಿಗುತ್ತದೆ ಅನ್ನುವುದು ಇವತ್ತೇ ಬರೆದಿದ್ದರೆ ಆಕೆಗೂ ಒಳ್ಳೆಯದು, ಫರ್ಮ್‌ಗೂ ಒಳ್ಳೆಯದು.

ಜಿಪಿಎ ಬಗ್ಗೆ: ಅದನ್ನು ನಂಬಿ ಕೂರಬೇಡಿ. ಕೊಟ್ಟವರು ತೀರಿಕೊಂಡರೆ ಜಿಪಿಎ ಅಲ್ಲಿಗೇ ಮುಗಿಯಿತು. ಇದು ತುಂಬಾ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಕೊಟ್ಟವರ ಬುದ್ಧಿ ಸ್ವಾಧೀನದಲ್ಲಿ ಇಲ್ಲ ಅಂತಾದರೂ ಅದು ಮುಗಿಯುತ್ತದೆ. 1872ರ ಕರಾರು ಕಾಯ್ದೆ, ಸೆಕ್ಷನ್ 201. ಅಂದರೆ ಪಾರ್ಶ್ವವಾಯು ಹೊಡೆದು ಮಾತು, ಅರಿವು ಎರಡೂ ಹೋದ ಸ್ಥಿತಿಯಲ್ಲಿ, ಯಾವಾಗ ನಿಮಗೆ ಆ ಕಾಗದ ನಿಜವಾಗಿ ಬೇಕೋ ಆಗಲೇ ಅದು ಕೆಲಸಕ್ಕೆ ಬರುವುದಿಲ್ಲ. ಕೋಮಾದಲ್ಲಿರುವವರ ವ್ಯವಹಾರ ನೋಡಲು ಮನೆಯವರು ಹೈಕೋರ್ಟ್‌ಗೆ ರಿಟ್ ಅರ್ಜಿ ಹಾಕಿ ಪಾಲಕರನ್ನು ನೇಮಿಸಿಕೊಳ್ಳಬೇಕಾದ ಪ್ರಕರಣಗಳಿವೆ. ಹಾಗಾಗಿ ಡೀಡ್‌ನಲ್ಲೇ ಇನ್ನೊಂದು ಕಲಂ ಹಾಕಿಸಿ: ಪಾಲುದಾರರೊಬ್ಬರು ಇಷ್ಟು ತಿಂಗಳು ಕೆಲಸ ನೋಡುವ ಸ್ಥಿತಿಯಲ್ಲಿ ಇಲ್ಲ ಅಂತ ವೈದ್ಯರು ಬರೆದುಕೊಟ್ಟರೆ ಸಹಿ ಮಾಡುವ ಅಧಿಕಾರ ಯಾರಿಗೆ, ಅವರ ಲಾಭದ ಪಾಲು ಹೇಗೆ ನಡೆಯುತ್ತದೆ ಅಂತ.

---

ಲೆಡ್ಜರ್

ಕರಿಕೋಟು ಅವರು ಹೇಳಿದ್ದು ಪೂರ್ತಿ ಸರಿ. ನಾನು ಸಿಎ, ಲೆಕ್ಕದ ಕಡೆಯಿಂದ ಸೇರಿಸ್ತೀನಿ.

ಮೊದಲು ಜಾಗದ ವಿಷಯ, ನನಗೆ ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಚಿಂತೆ ಆಗಿದ್ದು ಅದೇ. ಫರ್ಮ್‌ನ ದುಡ್ಡಿನಲ್ಲಿ ಕೊಂಡ ಆಸ್ತಿ, ಬೇರೆ ಉದ್ದೇಶ ಕಾಣದಿದ್ದರೆ, ಫರ್ಮ್‌ನದ್ದೇ ಅಂತ ಕಾನೂನು ಹೇಳುತ್ತದೆ (ಪಾಲುದಾರಿಕೆ ಕಾಯ್ದೆ, ಸೆಕ್ಷನ್ 14). ಪಾಲುದಾರ ಫರ್ಮ್‌ನ ಪರವಾಗಿ ತನ್ನ ಹೆಸರಿನಲ್ಲಿ ಇಟ್ಟುಕೊಂಡರೆ ಅದಕ್ಕೆ ಬೇನಾಮಿ ಕಾಯ್ದೆಯಲ್ಲಿ ವಿನಾಯಿತಿಯೂ ಇದೆ. ಆದರೆ ಕ್ರಯಪತ್ರದಲ್ಲಿ ಇರುವುದು ದೊಡ್ಡಪ್ಪನ ಹೆಸರು. ನಾಳೆ ಅವರಿಲ್ಲ ಅಂದರೆ ಆ ಪತ್ರ ನೋಡಿದವರು ಯಾರಾದರೂ ಇದು ಅವರ ಸ್ವಂತ ಆಸ್ತಿ ಅಂತಲೇ ಅಂದುಕೊಳ್ಳುತ್ತಾರೆ. ವಿಲ್ ಇಲ್ಲದಿದ್ದರೆ, ನಿಮಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ ಅಂತ ಇಟ್ಟುಕೊಂಡರೆ, ಹೆಂಡತಿ, ಮಗ, ಮಗಳು, ತಾಯಿ ಬದುಕಿದ್ದರೆ ತಾಯಿ, ಎಲ್ಲರಿಗೂ ಸಮ ಪಾಲು. ನಿಮ್ಮ ಅಪ್ಪನ ಹೆಸರು ಅಲ್ಲಿ ಎಲ್ಲೂ ಬರುವುದಿಲ್ಲ. ಅಪ್ಪ ಆಗ ಹಳೇ ಬ್ಯಾಲೆನ್ಸ್ ಶೀಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಸ್ವಂತ ಅತ್ತಿಗೆ ಎದುರು ಕೋರ್ಟಿನಲ್ಲಿ ನಿಲ್ಲಬೇಕಾದೀತು. ದೊಡ್ಡಪ್ಪ ಇರುವಾಗ ಅವರದೇ ಬಾಯಿಂದ, ಅವರದೇ ಸಹಿಯಲ್ಲಿ "ಈ ಜಾಗ ಫರ್ಮ್‌ನದ್ದು, ನಾನು ಫರ್ಮ್‌ನ ಪರವಾಗಿ ಹಿಡಿದುಕೊಂಡಿದ್ದೇನೆ" ಅಂತ ದಾಖಲೆ ಆಗಬೇಕು. ಯಾವ ರೂಪದಲ್ಲಿ ಅನ್ನುವುದನ್ನು ವಕೀಲರೇ ಹೇಳಬೇಕು, ಮುದ್ರಾಂಕ ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. 1996ರಿಂದ ಇಲ್ಲಿಯವರೆಗಿನ ಬ್ಯಾಲೆನ್ಸ್ ಶೀಟ್ ಒಂದನ್ನೂ ಎಸೆಯಬೇಡಿ. ಜಾಗ ಕೊಂಡ ವರ್ಷದ ಬ್ಯಾಂಕ್ ಪಾಸ್‌ಬುಕ್ ಸಿಕ್ಕರೆ ಲ್ಯಾಮಿನೇಟ್ ಮಾಡಲು ಹೋಗಬೇಡಿ, ಹಾಗೇ ಮೂಲ ಇಟ್ಟುಕೊಂಡು ಸ್ಕ್ಯಾನ್ ಮಾಡಿಸಿ.

ಎಲ್‌ಎಲ್‌ಪಿಯಾ ಕಂಪನಿಯಾ? ನನ್ನ ಅಭಿಪ್ರಾಯ: ನಿಮ್ಮ ಗಾತ್ರಕ್ಕೆ ಎಲ್‌ಎಲ್‌ಪಿ. ತೆರಿಗೆ ದರ ಫರ್ಮ್‌ಗೂ ಎಲ್‌ಎಲ್‌ಪಿಗೂ ಒಂದೇ, 30% ಮತ್ತು ಅದರ ಮೇಲಿನ ಸೆಸ್. ಎಲ್‌ಎಲ್‌ಪಿಗೆ ಕಾನೂನಿನ ಕಣ್ಣಲ್ಲಿ ಅದರದೇ ಆದ ಅಸ್ತಿತ್ವ ಇದೆ. ಪಾಲುದಾರರು ಬಂದರೂ ಹೋದರೂ ಅದು ಇರುತ್ತದೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಇನ್ನೊಬ್ಬರನ್ನು ಸೇರಿಸಿಕೊಳ್ಳಲು 6 ತಿಂಗಳು ಸಮಯ ಸಿಗುತ್ತದೆ. ಆ 6 ತಿಂಗಳು ಮೀರಿ ಒಬ್ಬರೇ ನಡೆಸಿದರೆ ಆಮೇಲಿನ ಬಾಧ್ಯತೆ ವೈಯಕ್ತಿಕವಾಗಿ ಅವರ ತಲೆಗೆ ಬರುತ್ತದೆ. ಸಾಮಾನ್ಯ ಫರ್ಮ್‌ನಲ್ಲಿ ಒಂದು ದಿನವೂ ಸಿಗುವುದಿಲ್ಲ. ಇನ್ನೊಂದು: ಎಲ್‌ಎಲ್‌ಪಿ ಒಪ್ಪಂದದಲ್ಲಿ ಬೇರೆ ಬರೆದಿಲ್ಲದಿದ್ದರೆ ವಾರಸುದಾರರಿಗೆ ಬಂಡವಾಳ ಮತ್ತು ಕೂಡಿಬಂದ ಲಾಭದ ಪಾಲು ಸಿಗುತ್ತದೆ, ಆಡಳಿತದಲ್ಲಿ ಕೈ ಹಾಕುವ ಹಕ್ಕು ಸಿಗುವುದಿಲ್ಲ. ಇದನ್ನು ಕಾಯ್ದೆಯೇ ಹೇಳಿಬಿಟ್ಟಿದೆ.

ಆದರೆ ಎಲ್‌ಎಲ್‌ಪಿ ಮಾಡಿದರೆ ಪಾನ್ ಹೊಸದು, ಜಿಎಸ್‌ಟಿ ನಂಬರ್ ಹೊಸದು. ಉಳಿದಿರುವ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕಟ್ಟಿದ ಜಿಎಸ್‌ಟಿಗೆ ಸಿಗುವ ಕ್ರೆಡಿಟ್) ಅನ್ನು ಐಟಿಸಿ-02 ಫಾರ್ಮ್‌ನಲ್ಲಿ ಹೊಸ ನಂಬರಿಗೆ ಸಾಗಿಸಬೇಕು, ಅದಕ್ಕೆ ಸಿಎ ಪ್ರಮಾಣಪತ್ರ ಬೇಕು. ಫರ್ಮ್‌ನ ಎಲ್ಲ ಪಾಲುದಾರರೂ ಎಲ್‌ಎಲ್‌ಪಿಯಲ್ಲಿ ಇರಬೇಕು, ಪರಿವರ್ತನೆಯ ಹೊತ್ತಿಗೆ ಅವರನ್ನು ಬಿಟ್ಟು ಬೇರೆಯವರು ಇರಬಾರದು. ಹಳೇ ಸಾಲಕ್ಕೆ ಹಳೇ ಪಾಲುದಾರರ ವೈಯಕ್ತಿಕ ಹೊಣೆ ಹಾಗೇ ಉಳಿಯುತ್ತದೆ. ಬ್ಯಾಂಕ್ ಜಾಮೀನೂ ಅಷ್ಟೆ, ಎಲ್‌ಎಲ್‌ಪಿ ಆದ ತಕ್ಷಣ ಹೋಗುತ್ತದೆ ಅಂದುಕೊಳ್ಳಬೇಡಿ. ವರ್ಷಕ್ಕೆ ಎರಡು ಫೈಲಿಂಗ್ ತಪ್ಪದೆ ಆಗಬೇಕು: ಮೇ 30ರೊಳಗೆ ಫಾರ್ಮ್ 11 (ವಾರ್ಷಿಕ ವರದಿ), ಅಕ್ಟೋಬರ್ 30ರೊಳಗೆ ಫಾರ್ಮ್ 8 (ಲೆಕ್ಕಪತ್ರ).

---

ಬೈಂಡಿಂಗ್‌ದಾರ

ನಾನು ವಕೀಲನೂ ಅಲ್ಲ ಸಿಎನೂ ಅಲ್ಲ. ನನ್ನ ಸೋದರಮಾವನ ವ್ಯಾಪಾರ ಅವರೊಬ್ಬರದೇ ಹೆಸರಿನಲ್ಲಿತ್ತು, ಅವರು ಹೋದ ಮೇಲೆ ನಡೆದಿದ್ದನ್ನು ಹತ್ತಿರದಿಂದ ನೋಡಿದವನು. ಕಾನೂನಿನ ಮಾತು ಮೇಲಿನವರು ಹೇಳಿದ್ದಾರೆ. ನಾನು ದಿನನಿತ್ಯದ ಒದ್ದಾಟ ಹೇಳ್ತೀನಿ.

ಅವರ ಫೋನ್ ಬೆರಳಿಟ್ಟರೆ ತೆರೆಯುವಂಥದ್ದು. ಪಿನ್ ಯಾರಿಗೂ ಗೊತ್ತಿರಲಿಲ್ಲ. ಗಿರಾಕಿಗಳ ಕರೆ ಬಂದರೆ ಅತ್ತೆ ಎತ್ತಬಹುದಿತ್ತು, ಮೆಸೇಜ್ ಬಂದರೆ ನೋಡಲು ಆಗುತ್ತಿರಲಿಲ್ಲ. ಜಿಎಸ್‌ಟಿ ಪೋರ್ಟಲ್, ನೆಟ್ ಬ್ಯಾಂಕಿಂಗ್, ಇಮೇಲ್, ಎಲ್ಲದರ ಒಟಿಪಿ ಅದೇ ನಂಬರಿಗೆ. ಗೋಡೌನ್ ಮುಂದೆ ಲೋಡ್ ಆದ ಲಾರಿ ನಿಂತಿತ್ತು. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಪತ್ರ) ಬೇಕು, ತೆಗೆಯಲು ಲಾಗಿನ್ ಇಲ್ಲ. ಡ್ರೈವರ್ ಎರಡು ಸಲ ಬಂದು ಕೇಳಿದ, ಮೂರನೇ ಸಲ ಕೇಳಲಿಲ್ಲ, ಸುಮ್ನೆ ಕ್ಯಾಬಿನ್‌ನಲ್ಲಿ ಕೂತ. ಗಿರಾಕಿಯೊಬ್ಬರು ಪಾಪ ತಾವಾಗಿಯೇ ಬಾಕಿ ಚೆಕ್ ತಂದುಕೊಟ್ಟರು, ಆ ಹೆಸರಿನ ಖಾತೆಯನ್ನು ಬ್ಯಾಂಕ್ ಆಗಲೇ ನಿಲ್ಲಿಸಿತ್ತು. ಕೆಲಸದವರ ಸಂಬಳವನ್ನು ಅತ್ತೆ ತಮ್ಮ ಉಳಿತಾಯದಿಂದ ಕೊಟ್ಟರು.

ಆಮೇಲೆ ಮರಣ ಪತ್ರ, ವಾರಸುದಾರರ ದಾಖಲೆ ಎಲ್ಲ ಕೊಟ್ಟು ಜಿಎಸ್‌ಟಿ ಅಧಿಕಾರಿಯಿಂದ ಅತ್ತೆಯ ಹೆಸರನ್ನು ಸಹಿದಾರರಾಗಿ ಸೇರಿಸಿಸಿ, ಮಗನ ಹೆಸರಿನಲ್ಲಿ ಹೊಸ ನೋಂದಣಿ ಮಾಡಿಸಿ, ಕ್ರೆಡಿಟ್ ಸಾಗಿಸಿದ್ದಾಯಿತು. ಆಯಿತು ನಿಜ. ಆದರೆ ಅಷ್ಟರಲ್ಲಿ ಇಬ್ಬರು ದೊಡ್ಡ ಗಿರಾಕಿಗಳು ಬೇರೆ ಕಡೆ ಹೋಗಿದ್ದರು. ಅವರದೂ ತಪ್ಪಲ್ಲ, ಅವರ ಕೆಲಸ ನಿಲ್ಲಬಾರದಲ್ವಾ.

ನಿಮಗೆ ಹೇಳುವುದು ಇಷ್ಟೇ. ಡೀಡ್ ಆಗುವ ತನಕ ಕಾಯದೆ ಈ ವಾರವೇ ಮಾಡಬಹುದಾದ ಕೆಲಸ ಇದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಇನ್ನೊಬ್ಬ ಸಹಿದಾರರನ್ನು ಸೇರಿಸಬಹುದು. ಫರ್ಮ್‌ಗೆ ಅಂತಲೇ ಒಂದು ಮೊಬೈಲ್ ನಂಬರ್, ಒಂದು ಇಮೇಲ್ ಮಾಡಿ, ಯಾರ ಜೇಬಿನಲ್ಲೂ ಇರದೆ ಆಫೀಸಿನಲ್ಲಿ ಇರಲಿ. ಡಿಜಿಟಲ್ ಸಹಿಯ ಅವಧಿ ಯಾವಾಗ ಮುಗಿಯುತ್ತದೆ ನೋಡಿ. ವಿಮೆ, ಲೈಸೆನ್ಸ್, ಕರೆಂಟ್ ಬಿಲ್, ಯಾವುದು ಯಾರ ಹೆಸರಿನಲ್ಲಿದೆ ಅಂತ ಒಂದು ಕಾಗದದಲ್ಲಿ ಬರೆಯಿರಿ. ಬರೆಯಲು ಕೂತಾಗಲೇ ಎಷ್ಟು ಕಡೆ ಒಬ್ಬರ ಹೆಸರಿನಲ್ಲೇ ನಿಂತಿದೆ ಅಂತ ಕಾಣುತ್ತದೆ.

---

ಕರಿಕೋಟು

ಬೈಂಡಿಂಗ್‌ದಾರ ಅವರೇ, ಬ್ಯಾಂಕ್ ಖಾತೆ ನಿಲ್ಲಿಸುವುದರ ಬಗ್ಗೆ ಒಂದು ಮಾತು. ಇದು ಪಾಲುದಾರಿಕೆ ಫರ್ಮ್‌ನ ಸಿಸಿ ಖಾತೆಗೂ ಆಗುತ್ತದೆ, ಬ್ಯಾಂಕಿನವರು ಕಿರುಕುಳ ಕೊಡಲು ಮಾಡುವುದಲ್ಲ. 1816ರ ಇಂಗ್ಲೆಂಡಿನ ಒಂದು ತೀರ್ಪಿನಿಂದ ಬಂದ ನಿಯಮ ಇದೆ: ಓಡುವ ಖಾತೆಗೆ ಬಂದ ಜಮೆ ಮೊದಲು ಹಳೇ ಬಾಕಿಗೆ ಹೋಗುತ್ತದೆ. ಪಾಲುದಾರ ತೀರಿಕೊಂಡ ಮೇಲೂ ಖಾತೆ ಓಡಲು ಬಿಟ್ಟರೆ, ಬರುವ ಜಮೆಯಿಂದ ಅವರ ಕಾಲದ ಸಾಲ ತೀರುತ್ತಾ ಹೋಗಿ, ಹೊಸ ಸಾಲ ಉಳಿದವರ ಮೇಲೆ ಮಾತ್ರ ನಿಲ್ಲುತ್ತದೆ. ಹೋದವರ ಆಸ್ತಿಯ ಮೇಲೆ ಬ್ಯಾಂಕಿಗೆ ಇದ್ದ ಹಿಡಿತ ತಪ್ಪುತ್ತದೆ. ಅದಕ್ಕೇ ಅವತ್ತಿನ ಬಾಕಿಗೆ ಗೆರೆ ಎಳೆದು ಖಾತೆ ನಿಲ್ಲಿಸುತ್ತಾರೆ. ನಾಲ್ಕು ಜನ ಪಾಲುದಾರರಿದ್ದು, ಡೀಡ್‌ನಲ್ಲಿ ಮುಂದುವರಿಯುವ ಕಲಂ ಇದ್ದು, ಆ ಡೀಡ್ ಬ್ಯಾಂಕಿನ ಕಡತದಲ್ಲಿ ಮೊದಲೇ ಇದ್ದರೆ ಹೊಸ ಖಾತೆಗೆ ದಾರಿ ಬೇಗ ಆಗುತ್ತದೆ.

---

ಮೂರುಶಟರ್

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಲೆಡ್ಜರ್ ಅವರ ಬಗ್ಗೆ ಗೌರವ ಇದೆ, ಆದರೆ ಈಗಲೇ ಎಲ್‌ಎಲ್‌ಪಿ ಬೇಡ ಅಂತೀನಿ. ಎರಡು ಮನೆಗಳ ನಡುವೆ ಪಾಲು, ಬೆಲೆ, ಜಾಗ ಇವು ತೀರ್ಮಾನ ಆಗದೆ ಪರಿವರ್ತನೆ ಮಾಡಿದರೆ ಅದೇ ಗೊಂದಲ ಹೊಸ ಹೆಸರಿನಲ್ಲಿ ಮುಂದುವರಿಯುತ್ತದೆ. ನಾಲ್ಕು ಜನರ ಡೀಡ್ ಮಾಡಿ, ಒಂದೆರಡು ವರ್ಷ ಅದರ ಪ್ರಕಾರ ನಡೆಸಿ ನೋಡಿ. ನಿಮಗೂ ನಿಮ್ಮ ಅಣ್ಣನಿಗೂ ಪಾಲುದಾರರಾಗಿ ಹೊಂದುತ್ತದಾ ಅಂತ ತಿಳಿಯಲಿ. ಪಾಲುದಾರ ಅಂದರೆ ಲಾಭ ಮಾತ್ರ ಅಲ್ಲ, ಫರ್ಮ್‌ನ ಸಾಲಕ್ಕೆ ನಿಮ್ಮ ಸ್ವಂತ ಆಸ್ತಿಯೂ ಹೊಣೆ. ಸೇರುವ ಮುಂಚೆ ಸಿಸಿ ಬಾಕಿ, ತೆರಿಗೆ ನೋಟಿಸ್ ಏನಾದರೂ ಇದೆಯಾ ಎಲ್ಲ ತೆಗೆದು ನೋಡಿ, ಅಪ್ಪ ದೊಡ್ಡಪ್ಪ ಅಂತ ಸಂಕೋಚ ಪಡಬೇಡಿ.

ಮತ್ತೆ ಒಂದು ವಿಷಯ ಯಾರೂ ಎತ್ತಲಿಲ್ಲ. ನಿಮ್ಮ 14 ಜನ. 10 ಅಥವಾ ಹೆಚ್ಚು ಜನ ಇದ್ದ ಕಡೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಕೊಡುವ ಮೊತ್ತ) ಕೊಡಲೇಬೇಕು: 5 ವರ್ಷ ಮುಗಿಸಿದವರಿಗೆ, ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದಷ್ಟು. 1996ರಿಂದ ಇರುವ ಮೂರು ಜನರ ಲೆಕ್ಕ ಮಾಡಿ ನೋಡಿ, ಸಣ್ಣ ಮೊತ್ತ ಬರುವುದಿಲ್ಲ. ಅದು ಫರ್ಮ್‌ನ ಸಾಲವೇ. ಹೋದ ಪಾಲುದಾರರ ಪಾಲಿಗೆ ಬೆಲೆ ಕಟ್ಟುವಾಗ ಇದನ್ನು ಕಳೆಯದಿದ್ದರೆ ಪೂರ್ತಿ ಭಾರ ಮುಂದಿನ ತಲೆಮಾರಿನ ಮೇಲೆ ಬೀಳುತ್ತದೆ. ಅಷ್ಟು ವರ್ಷ ದುಡಿದವರ ದುಡ್ಡು, ಅದನ್ನು ಮೊದಲೇ ತೆಗೆದಿಡಬೇಕು. ವಿಮಾ ಕಂಪನಿಗಳಲ್ಲಿ ಗುಂಪು ಗ್ರಾಚ್ಯುಟಿ ಯೋಜನೆ ಸಿಗುತ್ತದೆ, ವರ್ಷ ವರ್ಷ ಕಟ್ಟಿಕೊಂಡು ಹೋಗಬಹುದು.

ಬ್ರ್ಯಾಂಡ್ ಹೆಸರು ಇದ್ದರೆ ಟ್ರೇಡ್‌ಮಾರ್ಕ್ ಮಾಡಿಸಿ. 10 ವರ್ಷಕ್ಕೊಮ್ಮೆ ನವೀಕರಣ. ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ.

---

ಲೆಡ್ಜರ್

ಮೂರುಶಟರ್ ಅವರ ಮಾತು ಒಪ್ಪುತ್ತೇನೆ, ಮೊದಲು ಡೀಡ್, ಆಮೇಲೆ ಎಲ್‌ಎಲ್‌ಪಿ. ನಾನು ಹೇಳಿದ್ದು ಕೊನೆಗೆ ತಲುಪಬೇಕಾದ ಜಾಗ. ಜಾಗದ ದಾಖಲೆ ಸರಿ ಆಗದೆ ಪರಿವರ್ತನೆಗೆ ನಾನೂ ಕೈ ಹಾಕುವುದಿಲ್ಲ. ಗ್ರಾಚ್ಯುಟಿ ವಿಷಯ ಎತ್ತಿದ್ದು ತುಂಬಾ ಒಳ್ಳೆಯದಾಯಿತು.

---

ರಟ್ಟಿನಪೆಟ್ಟಿಗೆ

ಎಲ್ಲರಿಗೂ ತುಂಬಾ ಧನ್ಯವಾದ. ಇಬ್ಬರೇ ಇದ್ದರೆ ಆ ಸಾಲಿಗೆ ಬೆಲೆ ಇಲ್ಲ ಅನ್ನುವುದನ್ನು ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ ಇನ್ನೊಂದು ಸಲ ಓದು ಅಂದರು.

ಎರಡು ಪ್ರಶ್ನೆ ಉಳಿದಿದೆ. ಅಪ್ಪ, "ಹಾಗಿದ್ದರೆ ತಮ್ಮನನ್ನೂ ಈಗಲೇ ಸೇರಿಸೋಣ, ಎಲ್ಲರೂ ಬಂದಂಗಾಗುತ್ತದೆ" ಅಂತಿದ್ದಾರೆ. ಅವನಿಗೆ 16 ಅಷ್ಟೇ. ಇನ್ನೊಂದು, ಅಪ್ಪ ಮತ್ತು ದೊಡ್ಡಪ್ಪ ವಿಲ್ ಮಾಡಿ ಅದರಲ್ಲಿ "ಫರ್ಮ್‌ನ ನನ್ನ ಪಾಲು ಇಂಥವರಿಗೆ" ಅಂತ ಬರೆದರೆ ಸಾಕಾಗುವುದಿಲ್ವಾ? ಬ್ಯಾಂಕಿನಲ್ಲಿ ನಾಮಿನಿ ಅಂತೂ ಎಲ್ಲ ಕಡೆ ಹಾಕಿದ್ದಾರೆ.

---

ಕರಿಕೋಟು

ತಮ್ಮನನ್ನು ಈಗ ಸೇರಿಸಬೇಡಿ. 18 ಆಗದವರು ಪಾಲುದಾರರಾಗಲು ಆಗುವುದಿಲ್ಲ, ಲಾಭಕ್ಕೆ ಮಾತ್ರ ಸೇರಿಸಿಕೊಳ್ಳಬಹುದು. 18 ತುಂಬಿದ ಮೇಲೆ ಅವನು 6 ತಿಂಗಳೊಳಗೆ ಪಾಲುದಾರನಾಗಿ ಉಳಿಯುತ್ತೇನೋ ಇಲ್ಲವೋ ಅಂತ ಸಾರ್ವಜನಿಕ ಪ್ರಕಟಣೆ ಕೊಡಬೇಕು. ಕೊಡದಿದ್ದರೆ ತಾನಾಗಿಯೇ ಪಾಲುದಾರ ಆಗುತ್ತಾನೆ, ಅದೂ ಮೊದಲು ಲಾಭಕ್ಕೆ ಸೇರಿಸಿಕೊಂಡ ದಿನದಿಂದ ಫರ್ಮ್ ಮಾಡಿದ ಎಲ್ಲ ವ್ಯವಹಾರಕ್ಕೂ ಹೊರಗಿನವರಿಗೆ ವೈಯಕ್ತಿಕ ಹೊಣೆ ಹೊತ್ತುಕೊಂಡು. ಓದುವ ಹುಡುಗ ಪರೀಕ್ಷೆ ಗಡಿಬಿಡಿಯಲ್ಲಿ ಆ 6 ತಿಂಗಳು ಗಮನಿಸದೇ ಹೋದರೆ? ಸಾಲದ ಖಾತೆ ಇರುವ ಫರ್ಮ್‌ನಲ್ಲಿ ಮಕ್ಕಳ ಮೇಲೆ ಇದನ್ನು ಹೇರಬಾರದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಮುಂದೆ ಅವನು ಬಯಸಿದರೆ ಸೇರಿಸಿಕೊಳ್ಳಲು ಎಲ್ಲರ ಒಪ್ಪಿಗೆ ಇದೆ ಅಂತ ಡೀಡ್‌ನಲ್ಲಿ ಬರೆಯಿರಿ, ಸಾಕು.

ವಿಲ್ ಬೇಕೇ ಬೇಕು, ಆದರೆ ಅದು ಡೀಡ್‌ನ ಜಾಗ ತುಂಬುವುದಿಲ್ಲ. ವಿಲ್ ಮೂಲಕ ಪಾಲಿನ ಹಣ ಹೋಗುತ್ತದೆ, ಪಾಲುದಾರ ಅನ್ನುವ ಸ್ಥಾನ ಹೋಗುವುದಿಲ್ಲ. ಹೊಸಬರು ಒಳಗೆ ಬರಬೇಕಾದರೆ ಇರುವ ಪಾಲುದಾರರೆಲ್ಲರ ಒಪ್ಪಿಗೆ ಬೇಕು, ಅಥವಾ ಡೀಡ್‌ನಲ್ಲಿ ಮೊದಲೇ ಬರೆದಿರಬೇಕು. ಹಾಗಾಗಿ ಡೀಡ್ ಮತ್ತು ಇಬ್ಬರ ವಿಲ್ ಒಟ್ಟಿಗೇ, ಒಂದೇ ಮೇಜಿನ ಮೇಲೆ ಬರೆಸಿ. ಡೀಡ್‌ನಲ್ಲಿ ಒಂದು, ವಿಲ್‌ನಲ್ಲಿ ಇನ್ನೊಂದು ಆಗಬಾರದು. ವಿಲ್‌ಗೆ ಇಬ್ಬರು ಸಾಕ್ಷಿಗಳು ಸಾಕು, ಪಾಲು ಪಡೆಯುವವರು ಸಾಕ್ಷಿ ಹಾಕದಿರಲಿ. ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿ.

ನಾಮಿನಿ ಅಂದರೆ ಮಾಲೀಕ ಅಲ್ಲ, ಹಣ ಪಡೆದು ಹಕ್ಕುದಾರರಿಗೆ ತಲುಪಿಸುವವರು. ಕಂಪನಿ ಷೇರುಗಳ ವಿಷಯದಲ್ಲೂ ಇದೇ ಮಾತನ್ನು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿದೆ.

---

ಹಳೇಪಾಲುದಾರ

ನೋಡಮ್ಮ, ನಾನು ನಿನ್ನ ದೊಡ್ಡಪ್ಪನ ವಯಸ್ಸಿನವನು, ಅವರ ಹಾಗೆಯೇ ತಮ್ಮನ ಜೊತೆ ಫರ್ಮ್ ನಡೆಸುವವನು. ಮನೆಯಲ್ಲಿ ಮಾತು ತೆಗೆಯುವುದು ಹೇಗೆ ಅಂತ ಕೇಳಿದೆಯಲ್ಲ, ಅದಕ್ಕೆ ಬರೀತಿದ್ದೇನೆ.

ನಮಗೆ ಸಾವಿನ ಮಾತು ಕೇಳಿದರೆ ಅಷ್ಟೇನೂ ಭಯ ಇಲ್ಲ. ನಾಳೆಯಿಂದ ಚೆಕ್‌ಗೆ ನನ್ನ ಸಹಿ ಬೇಡವಾಗುತ್ತದೆ, ನನ್ನನ್ನು ಕೇಳದೆ ಕಾಗದ ಖರೀದಿ ಆಗುತ್ತದೆ ಅನ್ನುವುದು ನಮಗೆ ನೋವು ಕೊಡುವುದು. ಅದನ್ನು ಮೊದಲು ಹೇಳು: "ದೊಡ್ಡಪ್ಪ, ನೀವಿರುವಷ್ಟು ದಿನ ಸಹಿ ನಿಮ್ಮದೇ, ಇಷ್ಟು ಮೊತ್ತದ ಮೇಲಿನ ಖರೀದಿ ನಿಮ್ಮಿಬ್ಬರ ಒಪ್ಪಿಗೆ ಇಲ್ಲದೆ ಆಗುವುದಿಲ್ಲ, ಇದು ಡೀಡ್‌ನಲ್ಲೇ ಬರುತ್ತದೆ" ಅಂತ. ನಾವು ಡೀಡ್ ಬದಲಿಸಿದಾಗ ನನ್ನ ಮನಸ್ಸು ಹಗುರ ಆಗಿದ್ದು ಆ ಕಲಂ ಓದಿದ ಮೇಲೆ.

ಸಿಸಿ ನವೀಕರಣ ವರ್ಷಕ್ಕೊಮ್ಮೆ ಬರುತ್ತದಲ್ಲ, ಆಗ ಮಾತು ತೆಗೆ. ಬ್ಯಾಂಕಿನವರು ಹೇಗಿದ್ದರೂ ಕಾಗದ ಕೇಳುತ್ತಾರೆ. ನಿನ್ನ ಅಣ್ಣನೂ ನೀನೂ ಮೊದಲು ಇಬ್ಬರೇ ಕೂತು ಮಾತಾಡಿ, ಆಮೇಲೆ ಒಟ್ಟಿಗೆ ದೊಡ್ಡವರ ಮುಂದೆ ಹೋಗಿ. ನೀನೊಬ್ಬಳೇ ಹೋದರೆ ತಮ್ಮನ ಮನೆಯವರು ಕೇಳುತ್ತಿದ್ದಾರೆ ಅನ್ನಿಸಬಹುದು. ನಿನ್ನ ಅಕ್ಕನನ್ನೂ ಕರೆಯಿರಿ. ವ್ಯಾಪಾರಕ್ಕೆ ಬರದ ಮಗಳನ್ನು ಬಿಟ್ಟು ಮಾತಾಡಿದ್ದು ಅವಳಿಗೆ ಆಮೇಲೆ ಗೊತ್ತಾದರೆ ಯಾವ ಡೀಡ್ ಇದ್ದರೂ ಮನಸ್ಸು ಕೂಡುವುದಿಲ್ಲ.

---

ರಟ್ಟಿನಪೆಟ್ಟಿಗೆ

ಇದನ್ನು ಓದಿ ಕಣ್ಣು ತುಂಬಿ ಬಂತು. ಸಹಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಅಣ್ಣನಿಗೆ ಎಲ್ಲ ಕಳಿಸಿದ್ದೇನೆ, ಭಾನುವಾರ ಇಬ್ಬರೂ ಕೂರುತ್ತೇವೆ, ಅಕ್ಕನೂ ವಿಡಿಯೋ ಕಾಲ್‌ನಲ್ಲಿ ಬರ್ತೀನಿ ಅಂದಿದ್ದಾಳೆ. ಕರಿಕೋಟು ಸರ್, ವಕೀಲರ ಹತ್ತಿರ ಹೋಗುವ ಮುಂಚೆ ಯಾವ ಕಾಗದ ತೆಗೆದಿಟ್ಟುಕೊಳ್ಳಲಿ? ಫರ್ಮ್ ರಿಜಿಸ್ಟರ್ ಆಗಿದೆಯಾ ಅಂತ ಹೇಗೆ ತಿಳಿಯುವುದು?

---

ಕರಿಕೋಟು

ಅಲ್ಲಿಂದಲೇ ಶುರು ಮಾಡಿ. ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಹತ್ತಿರ ಫರ್ಮ್ ಹೆಸರು, ಶುರುವಾದ ವರ್ಷ ಕೊಟ್ಟು ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಆ ದಾಖಲೆ ಯಾರು ಬೇಕಾದರೂ ಶುಲ್ಕ ಕೊಟ್ಟು ನೋಡಬಹುದು. ರಿಜಿಸ್ಟರ್ ಆಗಿಲ್ಲ ಅಂತ ಗೊತ್ತಾದರೆ ಗಾಬರಿ ಬೇಡ, ಈಗಲೂ ಮಾಡಿಸಬಹುದು. ಮಾಡಿಸದಿದ್ದರೆ ಬಾಕಿ ಉಳಿಸಿಕೊಂಡ ಗಿರಾಕಿಯ ಮೇಲೆ ಫರ್ಮ್ ದಾವೆ ಹಾಕಲು ಆಗುವುದಿಲ್ಲ (ಪಾಲುದಾರಿಕೆ ಕಾಯ್ದೆ, ಸೆಕ್ಷನ್ 69). ಆಗಿದ್ದರೆ, ಹೊಸ ಡೀಡ್ ಆದ ಮೇಲೆ ನಿಮ್ಮಿಬ್ಬರ ಹೆಸರೂ ಆ ಪುಸ್ತಕದಲ್ಲಿ ಸೇರಲೇಬೇಕು, ಡೀಡ್ ಬರೆದು ಬೀರುವಿನಲ್ಲಿ ಇಟ್ಟರೆ ಆಗಲ್ಲ.

ಜೊತೆಗೆ: ಮೂಲ ಡೀಡ್, ಅದಕ್ಕೆ ತಿದ್ದುಪಡಿ ಏನಾದರೂ ಆಗಿದ್ದರೆ ಅದು, ಜಾಗದ ಕ್ರಯಪತ್ರ ಮತ್ತು ಇತ್ತೀಚಿನ ಋಣಭಾರ ಪತ್ರ, ಬ್ಯಾಂಕಿನ ಸಾಲ ಮಂಜೂರಾತಿ ಪತ್ರ ಮತ್ತು ಜಾಮೀನು ಪತ್ರದ ನಕಲು, ಕಳೆದ ಮೂರು ವರ್ಷದ ಬ್ಯಾಲೆನ್ಸ್ ಶೀಟ್, ನೌಕರರ ಹೆಸರು, ಸೇರಿದ ದಿನಾಂಕ, ಸಂಬಳದ ಪಟ್ಟಿ. ಮಂಜೂರಾತಿ ಪತ್ರವನ್ನು ಪೂರ್ತಿ ಓದಿ. ಬ್ಯಾಂಕಿನ ಒಪ್ಪಿಗೆ ಇಲ್ಲದೆ ಪಾಲುದಾರರನ್ನು ಬದಲಿಸಬಾರದು ಅನ್ನುವ ಷರತ್ತು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಇದ್ದರೆ ಡೀಡ್‌ಗೆ ಸಹಿ ಹಾಕುವ ಮುಂಚೆ ಬ್ಯಾಂಕಿನಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ.